ಕುಂತೂರು ಏರಿ ಮೇಲೆ ಚಂದ್ರಿಕೆ

“ನಮ್ಮಣ್ಣ ಬಂದ್ರೆ ಉಣ್ಣಿಸ್ದೆ ಕಳಿಸ್ಬ್ಯಾಡಿ.”

ಅಷ್ಟೇ ಕಣಿ ಭಾವ. ಅದೇ ನಿಮ್ಮ ತಂಗಿ ರತ್ನನ ಕೊನೇ ಮಾತು. ಹೇಳ್ಬುಟ್ಟು ಗೋಡೆ ಕಡೆಗೆ ಮಗ್ಗಲಾದ್ಲು. ನಾನು ನಿದ್ದೆ ಹತ್ತಿತು ಅಂದ್ಕಂಡೆ...

ಏನು? ಇನ್ನೇನಾದ್ರೂ ಹೇಳಿರ್ಬೇಕು ಅಂತೀರಾ? ಇಲ್ಲ. ಈ ಹನ್ನೊಂದು ದಿನ ನಾನೂ ಅದನ್ನೇ ಯೋಚನೆ ಮಾಡ್ದೆ. ಒಂಬತ್ತು ವರ್ಷ ಸಂಸಾರ ಮಾಡಿದೋನು ನಾನು. ಕೊನೇ ಮಾತು ಮಾತ್ರ ನಿಮ್ಮ ಹೊಟ್ಟೆ ಬಗ್ಗೆ. ನೋಡಿ ಹೆಂಗದೆ ನ್ಯಾಯ! ‘ನೀವು ಹುಷಾರು’ ಅನ್ಲಿಲ್ಲ. ‘ಬಾಗ್ಲು ಹಾಕ್ಕಳಿ’ ಅಂತಲೂ ಅನ್ಲಿಲ್ಲ. ನಮ್ಮಣ್ಣ, ಉಣ್ಣಿಸಿ. ಮುಗೀತು.

ಅದಕ್ಕೇ ಎಲೆ ಹಾಕಿರೋದು. ಜಗುಲಿ ಮೇಲೇ ಹಾಕಿದ್ದೀನಿ. ನೀವು ಹೊಸ್ತಿಲು ದಾಟಲ್ಲ ಅಂತೀರಲ್ಲ. ಜಗುಲಿ ಮನೆಯಲ್ಲ, ರಸ್ತೆಗೆ ಸೇರಿದ್ದು ಅಂದ್ಕಳಿ. ಕೌದಳ್ಳಿ ರಸ್ತೇಲಿ ಕೂತು ಉಂಡ್ರಿ, ಪುಟ್ಟಮಾದಪ್ಪನ ಮನೇಲಿ ಉಣ್ಲಿಲ್ಲ. ಆಯ್ತಾ?

ಆಗ್ಲಿಲ್ಲ. ಸರಿ.

ಕೂತ್ಕಳಿ, ಕೂತ್ಕಳಿ. ಬಸ್ಸು ಈಗೆಲ್ಲಿ ಬತ್ತದೆ? ಬೆಟ್ಟದಿಂದ ಇಳಿದು ಬರ್ಬೇಕು ಅದು. ಮೂರು ಗಂಟೆ ಅಂದ್ರೆ ನಾಲ್ಕು. ಕಾರ್ಯಕ್ಕೆ ಬಂದ ನೆಂಟ್ರೆಲ್ಲ ಉಂಡು ಹೋದ್ರು. ಅಯ್ನೋರು ಎರಡು ಸಲ ಪಾಯಸ ಹಾಕಿಸ್ಕಂಡ್ರು. ನೀವೊಬ್ರೇ ಬಾಕಿ. ಪಕ್ಕದ ಮನೆ ಚನ್ನಾಜಮ್ಮ ಮಾಡಿದ ಅಡಿಗೆ. ನಾನು ಮುಟ್ಟಿಲ್ಲ. ನಾನು ಮಾಡಿದ್ರೆ ನೀವು ಉಣ್ಣದೇ ಇರೋದಕ್ಕೆ ಬೇರೆ ಕಾರಣ ಇರ್ತಿತ್ತು.

ಗೊತ್ತು ಭಾವ. ಮರ್ತಿಲ್ಲ. ಏಳು ವರ್ಷ ಆಯ್ತು. ಕೊಳ್ಳೇಗಾಲದ ಆಸ್ಪತ್ರೆ ಬಾಗ್ಲಲ್ಲಿ, ಜನ ಎಲ್ಲ ನಿಂತಿದ್ರು. ‘ನನ್ನ ತಂಗಿ ಕಾಲು ಮುರಿದೋನ ಮನೇಲಿ ಒಂದು ಅಗುಳು ಮುಟ್ಟಲ್ಲ’ ಅಂದ್ರಿ. ಸದಾಶಿವಪ್ಪ ಅಂದ್ರೆ ಮಾತು ಅಂದ್ರೆ ಮಾತು. ಮುಟ್ಲಿಲ್ಲ. ಅವಳೂ ಅಷ್ಟೇ, ಅಣ್ಣ ಬರದ ಮೇಲೆ ನಾನ್ಯಾಕೆ ಹೋಗ್ಲಿ ಅಂತ ತವರು ಮೆಟ್ಲಿಲ್ಲ. ಹಠ ಒಂದೇ ಮಡಕೇಲಿ ಬೆಂದಿದ್ದು ನಿಮ್ಮಿಬ್ಬರಿಗೂ.

ಹಿಂಗೆ ಮಾಡಣ. ಅವತ್ತಿಂದು ನಾನು ಹೇಳ್ತೀನಿ. ನೀವು ಯಾವತ್ತೂ ನನ್ನ ಬಾಯಿಂದ ಕೇಳ್ಲಿಲ್ಲ. ನೀವು ಊರಲ್ಲಿರ್ಲಿಲ್ಲ. ಹನುಮಯ್ಯ ಹೇಳಿದ್ದನ್ನ ಕೇಳಿದ್ರಿ. ಹನುಮಯ್ಯ ಏನು ಕಂಡಿದ್ದ? ಎಮ್ಮೆ ಮೈ ತೊಳೀತಿದ್ದ ಕೆರೇಲಿ. ಅವನು ತಿರುಗಿ ನೋಡೋ ಹೊತ್ತಿಗೆ ಎಲ್ಲ ಆಗಿತ್ತು. ನಾನು ಹೇಳ್ತೀನಿ, ನೀವು ಕೇಳಿ. ನಗು ಬಂದ್ರೆ ಒಂದು ತುತ್ತು ಉಣ್ಬೇಕು. ನಗ್ಲಿಲ್ಲ ಅಂದ್ರೆ ಎಲೆ ಎತ್ತಿ ದನಕ್ಕೆ ಹಾಕ್ತೀನಿ. ಪಂದ್ಯ.

ಮೀಸೆ ಅಲ್ಲಾಡಿದ್ರೂ ನಗಾನೇ. ಮೊದ್ಲೇ ಹೇಳಿರ್ತೀನಿ.

ಯುಗಾದಿ ಕಳೆದು ನಾಲ್ಕು ದಿನ. ನಾನೂ ರತ್ನನೂ ನಿಮ್ಮೂರಿಗೆ ಬಂದಿದ್ವಿ. ಮನೆ ತುಂಬ ರೇಷ್ಮೆ ಹುಳ. ಅಟ್ಟಣಿಗೆ ತುಂಬ ತಟ್ಟೆ. ಹುಳ ಸೊಪ್ಪು ತಿನ್ನೋ ಸದ್ದು ಕೇಳಿದ್ರೆ ಮಳೆ ಬಂದಂಗಿತ್ತು. ನೀವು ಏನು ಮಾಡಿದ್ರಿ? ಕೈ ಮಡಚಿ ದಿನ ಎಣಿಸಿ, ‘ನಾಳಿದ್ದು ಹಣ್ಣಾಯ್ತದೆ ಹುಳ, ಇವತ್ತು ಮೈಸೂರಿಗೆ ಹೋಗಿ ಬಂದ್ಬುಡ್ತೀನಿ’ ಅಂತ ಹೊರಟ್ರಿ. ಬಸ್ಸಲ್ಲಿ! ಮನೇಲಿ ಕೆಂಪು ಬೈಕು ಅದೆ. ಕುಂತೂರಿಗೇ ಮೊದಲನೇ ಬೈಕು. ಸಾಹುಕಾರ್ರು ಬಸ್ಸಲ್ಲಿ. ಪೆಟ್ರೋಲು ಯಾಕೆ ದಂಡ ಅಂತ. ಬೈಕಿರೋದು ನೋಡೋಕೆ, ಹತ್ತೋಕಲ್ಲ.

ಅಲ್ಲಾಡ್ತು! ಎಡಗಡೆ ಮೀಸೆ... ನೊಣ ಅಂತೀರಾ? ಸರಿ. ನೊಣ.

ನೀವು ಬಸ್ ಹತ್ತಿದ್ದೇ ಸೆಕೆ ಏರ್ತು. ಮಧ್ಯಾಹ್ನಕ್ಕೆ ನಿಮ್ಮ ಮನೆಯೋರು ಸುವರ್ಣಕ್ಕ ಒಳಗಿಂದ ಕೂಗಿದ್ರು. ‘ಅಯ್ಯೋ ಶಿವನೇ, ಹಣ್ಣಾಗ್ಬುಡ್ತು!’ ಹೋಗಿ ನೋಡ್ದೆ. ಹುಳ ಎಲ್ಲ ಸೊಪ್ಪು ಬುಟ್ಟು ಕತ್ತು ಎತ್ತಿ ಅತ್ತ ಇತ್ತ ನೋಡ್ತಾವೆ. ಎಲ್ಲಿ ನೂಲು ಸುತ್ತನ ಅಂತ ಜಾಗ ಹುಡುಕ್ತಾವೆ. ಗೂಡು ಕಟ್ಲಿ ಅಂತ ಆರಿಸಿ ಆರಿಸಿ ಬಿದಿರು ಚಂದ್ರಿಕೆ ತಟ್ಟಿಗೆ ಬುಟ್ರು. ಇದ್ದ ಚಂದ್ರಿಕೆ ಎಲ್ಲ ತುಂಬ್ತು. ಇನ್ನೂ ಅರ್ಧ ಹುಳ ತಟ್ಟೇಲೇ ಅವೆ. ನಿಮ್ಗೇನು ಹೇಳೋದು, ರೇಷ್ಮೆಯೋರು ನೀವು. ಸಂಜೆ ಒಳಗೆ ಚಂದ್ರಿಕೆ ಸಿಕ್ಕಿಲ್ಲ ಅಂದ್ರೆ ಸೊಪ್ಪಿನ ಕಡ್ಡಿ ಮೇಲೇ ಗೂಡು ಕಟ್ಟಿ ಬೆಳೆ ಎಲ್ಲ ಹಾಳು.

ಮಾಂಬಳ್ಳೀಲಿ ಶಿವರುದ್ರಸ್ವಾಮಿ ಹತ್ರ ನಾಲ್ಕು ಖಾಲಿ ಅದೆ ಅಂತ ರತ್ನನೇ ಅಂದ್ಲು. ಗಾಡಿ? ಗಾಡಿ ಅಚ್ಚು ಮುರಿದು ಬಡಗಿ ಮನೇಲಿ. ನಡ್ಕಂಡು ಹೋಗಿ ತಲೆ ಮೇಲೆ ಹೊತ್ತು ತರೋ ಹೊತ್ತಿಗೆ ಹುಳ ಕಾಯ್ತದಾ?

ಎಲ್ಲ ನನ್ನ ನೋಡಿದ್ರು.

ಯಾಕೆ ಅಂತ ನಿಮ್ಗೆ ಗೊತ್ತು. ಹಿಂದಿನ ದಿನ ಊಟಕ್ಕೆ ಕೂತಾಗ ನೀವು ಕೇಳಿರ್ಲಿಲ್ವಾ, ‘ಏನು ಮಾದಪ್ಪ, ನಿಂಗೂ ಬೈಕ್ ಬತ್ತದಾ?’ ಅಂತ? ನಾನಂದೆ, ‘ಓಹೋ! ನಮ್ಮ ಬಿದಿರು ಕಂಟ್ರಾಕ್ಟರ್ ಬೈಕು ನನ್ನ ಕೈಲೇ ಇರೋದು. ತಾಳಬೆಟ್ಟದ ತಿರುವಲ್ಲಿ ಒಂದೇ ಕೈಲಿ ತಿರುಗಿಸ್ತೀನಿ.’ ಪಾಯಸ ಬಡಿಸ್ತಿದ್ದ ಸುವರ್ಣಕ್ಕನೂ ಕೇಳಿಸ್ಕಂಡಿದ್ರು. ಈಗ ಅವರೇ ಅಂದ್ರು, ‘ಅಣ್ಣಯ್ಯ ಬೆಟ್ಟನೇ ಹತ್ತಿಸ್ತಾರೆ. ಮಾಂಬಳ್ಳಿ ಯಾವ ಲೆಕ್ಕ?’

ಹೆಣ್ಣು ಕೊಟ್ಟ ಮನೆ. ಅಳಿಯ ನಾನು. ಇಲ್ಲ ಅನ್ನೋಕಾಯ್ತದಾ?

ಹೋದೆ. ಕಣದ ಆಚೆ, ಹೊಂಗೆ ಮರದ ಅಡೀಲಿ ನಿಂತಿತ್ತು ಬೈಕು. ಪೆಟ್ರೋಲ್ ವಾಸ್ನೆ ಹುಳಕ್ಕಾಗಲ್ಲ ಅಂತ ಅಲ್ಲೇ ಅಲ್ವಾ ನೀವು ಮಡಗ್ತಿದ್ದುದು? ಸ್ಟ್ಯಾಂಡು ತೆಗೆದೆ. ತಳ್ದೆ. ಊರು ಮುಗಿಯೋ ತನಕ ತಳ್ಕಂಡೇ ಹೋದೆ. ರತ್ನ ಹಿಂದೆ ಸೆರಗು ಬಾಯಿಗೆ ಅಡ್ಡ ಹಿಡ್ಕಂಡು ಬತ್ತಾ ಅವಳೆ. ಯಾರೋ ಕೇಳಿದ್ರು, ‘ಯಾಕೆ ಅಳೀಮಯ್ಯ, ಹತ್ತಲ್ವಾ?’ ‘ಮನೇಲಿ ಹುಳ ಹಣ್ಣಾಗಿದೆ, ಸದ್ದಾಗ್ಬಾರ್ದು’ ಅಂದೆ. ‘ಮನೆ ಎಲ್ಲದೆ, ನೀವೆಲ್ಲಿದ್ದೀರಿ?’ ಅಂದ. ‘ಸೂಕ್ಷ್ಮ ಹುಳ’ ಅಂದೆ.

ನಕ್ಕ್ರಿ! ನಕ್ಕ್ರಿ ಭಾವ! ಹಲ್ಲು ಕಾಣಿಸ್ತು... ಕೆಮ್ಮು? ಏಳು ವರ್ಷಕ್ಕೊಂದು ಸಲ ಬರೋ ಕೆಮ್ಮಾ ಅದು? ಹೋಗ್ಲಿ. ನೀರು ಕುಡೀರಿ. ಅದೂ ಬ್ಯಾಡ್ವಾ? ಕೆಮ್ಮನ್ನ ಸಾಲ ಅಂತ ಮಡಗ್ಕತೀನಿ.

ಮಾಂಬಳ್ಳಿ ಕಾಣೋ ಹೊತ್ತಿಗೆ ಮತ್ತೆ ಇಳಿದು ತಳ್ದೆ. ಶಿವರುದ್ರಸ್ವಾಮಿ ಅಂಗಳಕ್ಕೆ ತಳ್ಕಂಡೇ ಹೋಗಿ ನಿಂತೆ. ಆತ ಮೇಲಿಂದ ಕೆಳಗೆ ನೋಡಿದ. ‘ಇದೇನಪ್ಪ, ಎಮ್ಮೆ ಹೊಡ್ಕಂಡು ಬಂದಂಗೆ ಬಂದಿದ್ದೀಯ?’ ‘ದೊಡ್ಡೋರ ಮನೆ ಮುಂದೆ ಪಟಪಟ ಅನ್ನಿಸ್ಕಂಡು ಬರೋದು ಮರ್ಯಾದೆ ಅಲ್ಲ ಸ್ವಾಮಿ’ ಅಂದೆ. ಆತನ ಮುಖ ನೋಡ್ಬೇಕಿತ್ತು ನೀವು. ‘ಈ ಕಾಲದಲ್ಲೂ ಹಿಂಗಿರ್ತಾರಾ!’ ಅಂತ ಮಜ್ಜಿಗೆ ಕೊಡಿಸ್ದ.

ಚಂದ್ರಿಕೆ ನಾಲ್ಕು. ಒಂದೊಂದೂ ಆಳುದ್ದ, ಬಾಗಿಲಗಲ. ನಾಕೂ ಜೋಡಿಸಿ ಹಗ್ಗ ಬಿಗಿದ್ವಿ. ಗಾಡೀಲಾದ್ರೆ ಮಲಗಿಸ್ಕಂಡು ತತ್ತಾರೆ. ಸೈಕಲ್ಲಲ್ಲಾದ್ರೆ ಪಕ್ಕಕ್ಕೆ ಕಟ್ಟಿ ತಳ್ಕಂಡು ತತ್ತಾರೆ. ನಾವು ಏನು ಮಾಡಿದ್ವಿ? ಬೈಕಿನ ಹಿಂದೆ ನಿಲ್ಲಿಸ್ಕಂಡ್ವಿ! ಗೋಡೆ ನಿಂತಂಗೆ. ಶಿವರುದ್ರಸ್ವಾಮಿ ಅಂದ, ‘ಗಾಳಿ ಬಂದ್ರೆ?’ ಅಂತ. ‘ಎಲ್ಲಿ ಸ್ವಾಮಿ ಗಾಳಿ, ಒಂದು ಎಲೆ ಅಲ್ಲಾಡಲ್ಲ’ ಅಂದ್ಲು ನಿಮ್ಮ ತಂಗಿ. ಎಲೆ ಅಲ್ಲಾಡ್ತಿರ್ಲಿಲ್ಲ, ನಿಜ. ಬೇವಿನ ಮರ ಬೊಂಬೆ ಥರ ನಿಂತಿತ್ತು. ಮಳೆಗಾಳಿ ಬರೋಕೆ ಮುಂಚೆ ಹಂಗೇ ಅಲ್ವಾ ನಿಲ್ಲೋದು? ರೇಷ್ಮೆಯೋರಿಗೆ ಹುಳದ ಬುದ್ಧಿ ಗೊತ್ತು. ಗಾಳಿ ಬುದ್ಧಿ ಎಲ್ಲಿ ಗೊತ್ತು?

ಹಗ್ಗ ಸಾಲ್ದು ಅಂತ ಕೈಲೂ ಹಿಡ್ಕಬೇಕು. ಹೊರಟ್ವಿ. ಸಂದಾಗೇ ಬಂತು. ದಾರೀಲಿ ಮೇಕೆ ಕಾಯೋರು ನಿಂತು ನೋಡ್ತಾವ್ರೆ. ದೂರದಿಂದ ನೋಡ್ದೋರಿಗೆ ಬೈಕೇ ಕಾಣಲ್ಲ. ಬಿದಿರು ತಟ್ಟಿ ಒಂದು ತಾನೇ ಎದ್ದು ಕುಂತೂರಿಗೆ ಹೋಗ್ತಾ ಅದೆ, ಅಷ್ಟೇ! ಒಬ್ಬ ಮುದುಕ ಕೈ ಮುಗಿದ. ಯಾವ ದೇವರು ಅಂದ್ಕಂಡ್ನೋ.

ಏರಿ ಹತ್ತಿದ್ವಿ. ಕುಂತೂರು ಕೆರೆ ಏರಿ. ಎಡಕ್ಕೆ ಕೆರೆ, ಬಲಕ್ಕೆ ಗದ್ದೆ. ಅರ್ಧ ಏರಿ ದಾಟಿರ್ಲಿಲ್ಲ... ಬಂತು ನೋಡಿ! ಗದ್ದೆ ಕಡೆಯಿಂದ ಬಂತು. ಸುಯ್ಯ್... ಮೊದಲು ಮೆತ್ತಗೆ ಒಂದು ತಳ್ಳು. ಆಮೇಲೆ ಯಾರೋ ಹಿಂದಿಂದ ರಟ್ಟೆ ಹಿಡಿದು ಎತ್ತಿದಂಗೆ. ಕುಂಡಿ ಸೀಟು ಬುಡ್ತು ಕಣಿ! ನಾನೂ ಬುಡ್ತೀನಾ? ಎರಡೂ ಕೈಲಿ ಚಂದ್ರಿಕೇನ ಅಪ್ಕಂಡು ಕಣ್ಣು ಮುಚ್ಕಂಡೆ. ‘ಬುಡಿ! ಅದನ್ನ ಬುಡಿ!’ ಅಂತ ಕೂಗು ಬಂತು. ‘ಪರರ ಸ್ವತ್ತು, ಬುಡಲ್ಲ!’ ಅಂತ ನಾನು. ಗಾಳಿಪಟ ಆದ್ವಿ ಭಾವ. ಬೈಕು ಬಾಲ, ಚಂದ್ರಿಕೆ ಪಟ. ಏರಿ ಇಳಿಜಾರಲ್ಲಿ ಒಂದು ಸಲ, ಎರಡು ಸಲ ಎಗರಿ, ದಬಾರ್! ಯುಗಾದಿ ಮುಗಿದ ಕೆರೆ, ನೀರು ಎಲ್ಲಿ? ಹನುಮಯ್ಯ ಎಮ್ಮೆ ತೊಳೀತಿದ್ದ ಕಡೆ ಒಂದಿಷ್ಟು. ಮೊಣಕಾಲುದ್ದ ಕೆಸರು. ಕೆಸರಿನ ಮೇಲೆ ಚಂದ್ರಿಕೆ, ಚಂದ್ರಿಕೆ ಮೇಲೆ ನಾನು. ಪಂಚೆ ಅಂಚು ನೆನೀಲಿಲ್ಲ! ಕಣ್ಣು ಬುಟ್ಟು ನೋಡಿದ್ರೆ ಹನುಮಯ್ಯನ ಎಮ್ಮೆ ನನ್ನೇ ನೋಡ್ತಾ...

ಭಾವ?

ಯಾಕೆ ಸುಮ್ಕಾದ್ರಿ? ಇದು ನಗೋ ಜಾಗ. ಇಲ್ಲಿ ಕೌದಳ್ಳಿ ಎಲ್ಲ ನಗ್ತದೆ.

ಯಾಕೆ ಹಂಗೆ ನೋಡ್ತೀರಿ?

ಎರಡೂ ಕೈ ಅಂದ್ನಾ? ...ಇಲ್ಲಪ್ಪ. ಒಂದು ಕೈ. ಒಂದು ಕೈ ಅಂದೆ. ಇನ್ನೊಂದು ಕೈ ಹ್ಯಾಂಡಲ್ ಮೇಲೆ ಇತ್ತಲ್ಲ, ಕ್ಲಚ್ಚು ಹಿಡ್ಕಂಡು. ಯಾವ ಕೈಯಾ? ಬಲಗೈ.

...ಎಡಗೈ. ಹೌದೌದು. ಕ್ಲಚ್ಚು ಎಡಗೈಗೆ. ಗಾಬರೀಲಿ ಬಲ ಎಡ ಎಲ್ಲ ನೆನಪಿರ್ತದಾ? ಚಂದ್ರಿಕೆ ಹಿಂದೆ ಇತ್ತು, ರತ್ನ ಹಿಡ್ಕಂಡಿದ್ಲು, ನಾನು ಮುಂದೆ... ನಾನು ಹಿಂದಕ್ಕೆ ಕೈ ಚಾಚಿ...

ಮಾತಾಡಿ ಭಾವ. ಬೈರಿ. ಹಿಂಗೆ ಕೂತ್ರೆ ನಾನೇನು ಹೇಳ್ಲಿ?

ಒಳಗೆ ಯಾರೂ ಇಲ್ಲ. ಚನ್ನಾಜಮ್ಮ ಅವರ ಮನೆಗೆ ಹೋದ್ಲು. ನಿಜ, ಕೇಳೋರು ಯಾರೂ ಇಲ್ಲ.

ನಾನು ಹಿಂದೆ ಕೂತಿದ್ದೆ.

ಹೂಂ.

ಓಡಿಸಿದ್ದು ನಿಮ್ಮ ತಂಗಿ.

ನಂಬಲ್ವಾ? ನಾನೂ ನಂಬ್ಲಿಲ್ಲ. ಊರಾಚೆ ಹುಣಸೆ ಮರದ ಹತ್ರ ಬೈಕು ನಿಲ್ಲಿಸ್ಕಂಡು ಬೆವರ್ತಾ ನಿಂತಿದ್ದೆ. ಆ ಕಂಟ್ರಾಕ್ಟರ್ ಬೈಕು ನನ್ನ ಕೈಲಿತ್ತು ಅಂದ್ನಲ್ಲ, ಸುಳ್ಳಲ್ಲ. ವಾರಕ್ಕೊಂದು ಸಲ ತೊಳೀತಿದ್ದೆ. ತೊಳಿಯೋಕೆ ಕ್ಲಚ್ಚು ಬೇಕಾ? ನಾನು ಆ ಕಿಕ್ಕರ್ ಮೇಲೆ ನಾಲ್ಕು ಸಲ ನೆಗೆದೆ. ಅದು ನನ್ನ ಮೊಣಕಾಲಿಗೆ ಒದೀತು. ರತ್ನ ಬದು ಮೇಲೆ ಕೂತು ನಕ್ಕು ನಕ್ಕು, ಕಣ್ಣು ಒರಸ್ಕಂಡು ಬಂದ್ಲು. ‘ಇಳೀರಿ’ ಅಂದ್ಲು. ‘ಪೆಟ್ರೋಲ್ ನಲ್ಲೀನೇ ತಿರುಗಿಸಿಲ್ಲ ನೀವು’ ಅಂದ್ಲು. ಸೀರೆ ನಿರಿಗೆ ಎತ್ತಿ ಕಚ್ಚೆ ಹಾಕಿದ್ಲು. ಒಂದೇ ಒದೆ. ಹೊತ್ಕಂಡ್ತು!

ಯಾರು ಕಲಿಸಿದ್ರು ಅಂತ ಕೇಳ್ಬ್ಯಾಡಿ. ನೀವೇ.

ಆಣೆಗೂ ನೀವೇ! ಅದರ ಹಿಂದಿನ ವರ್ಷ, ಮೊದಲನೇ ಆಷಾಢಕ್ಕೆ ಅವಳನ್ನ ತವರಿಗೆ ಕಳಿಸಿದ್ನಲ್ಲ ಒಂದು ತಿಂಗಳು? ನೀವು ಆಗ ನಿಮ್ಮ ಗೆಣೆಕಾರ ರಂಗನಾಯಕನಿಗೆ ಬೈಕು ಹೇಳಿಕೊಡ್ತಿದ್ರಿ, ಕಣದಲ್ಲಿ. ನಿಮ್ಮ ಗಂಟಲೋ, ಯಳಂದೂರಿಗೆ ಕೇಳ್ತದೆ. ‘ಕ್ಲಚ್ ಒತ್ತೋ! ಗೇರ್ ಹಾಕೋ! ಮೆತ್ತಗೆ ಬುಡೋ, ಬಡ್ಡೀಮಗನೆ, ಮೆತ್ತಗೆ!’ ಅವಳು ಒಳಗೆ ಸೊಪ್ಪು ಹೆಚ್ತಾ ಕೂತು ಎಲ್ಲ ಬಾಯಿಪಾಠ ಮಾಡ್ಕಂಡ್ಲು. ಒಂದು ತಿಂಗಳು ಹೇಳಿಕೊಟ್ರಿ ರಂಗನಾಯಕನಿಗೆ. ಅವನಿಗೆ ಇವತ್ತಿಗೂ ಸೈಕಲ್ಲೇ ಗತಿ. ನೀವು ಬಸ್ಸಲ್ಲಿ ಮೈಸೂರಿಗೆ ಹೋದ ದಿನವೆಲ್ಲ ಇವಳು ಕಣದಲ್ಲಿ ನಾಲ್ಕು ಸುತ್ತು. ಮನೆಯಿಂದ ಕಾಣಲ್ವಲ್ಲ ಆ ಹೊಂಗೆ ಮರ. ಹುಳಕ್ಕೆ ವಾಸ್ನೆ ಆಗ್ಬಾರ್ದು ಅಂತ ದೂರ ಮಡಗಿದ್ರಿ. ಪೆಟ್ರೋಲು ಹೆಂಗೆ ಇಳೀತದೆ ಅಂತ ನೀವು ಟ್ಯಾಂಕಿಗೆ ಕಡ್ಡಿ ಹಾಕಿ ನೋಡಿ ನೋಡಿ ತಲೆ ಕೆರ್ಕತಿದ್ರಂತೆ. ಬಿಸಿಲಿಗೆ ಆರೋಯ್ತದೆ ಅಂತ ಅವಳೇ ಹೇಳಿದ್ಲಂತೆ!

ಹ್ಞಾ! ಈಗ ನಕ್ಕ್ರಿ. ಇದು ಕೆಮ್ಮಲ್ಲ, ನೊಣ ಅಲ್ಲ. ಇದು ನಗು.

ಹೆಂಗೆ ಓಡಿಸ್ತಿದ್ಲು ಗೊತ್ತಾ? ನಿಮಗಿಂತ ಮೆತ್ತಗೆ. ಗುಂಡಿ ಬಂದ್ರೆ ನಿಧಾನ. ಎತ್ತಿನ ಗಾಡಿ ಬಂದ್ರೆ ಪಕ್ಕ. ಸೆರಗು ತಲೆಗೆ ಬಿಗಿದು ಕಟ್ಟಿ, ಕತ್ತು ಮುಂದಕ್ಕೆ ಚಾಚಿ... ಹಿಂದೆ ನಾನು, ಸೀಟಿನ ಪಟ್ಟಿ ಹಿಡ್ಕಂಡು. ‘ಭಯ ಆಯ್ತದಾ?’ ಅಂತ ಕೂಗಿ ಕೇಳ್ತಾಳೆ. ‘ಇಲ್ಲ’ ಅಂತೀನಿ. ‘ಮತ್ತೆ ಯಾಕೆ ಶಿವ ಶಿವ ಅಂತೀರಿ?’ ಅಂತಾಳೆ! ಊರು ಬಂದ್ರೆ ಇಳಿಯೋದು. ನಾನು ತಳ್ಳೋದು. ಊರು ದಾಟಿದ್ರೆ ಅವಳು. ಅದಕ್ಕೇ ತಳ್ಳಿದ್ದು ನಾನು, ಹುಳಕ್ಕೂ ಅಲ್ಲ, ಶಿವರುದ್ರಸ್ವಾಮಿ ಮರ್ಯಾದೆಗೂ ಅಲ್ಲ.

ಗಾಳಿಗೆ ಅವಳೇನು ಮಾಡ್ತಾಳೆ? ಚಂದ್ರಿಕೆ ಬುಟ್ಟಿದ್ರೆ ಚಂದ್ರಿಕೆ ಒಂದೇ ಹೋಗ್ತಿತ್ತು. ‘ಬುಡಿ’ ಅಂದಿದ್ದು ಅವಳು. ಬುಡದೋನು ನಾನು.

ಉಣ್ಣಿ. ಹೂಂ... ಕಲಸಿ. ಸಾರು ಆರೋಗಿದೆ, ಬಿಸಿ ಮಾಡ್ಲಾ? ಬ್ಯಾಡ್ವಾ. ಉಣ್ಣಿ, ಉಣ್ಣಿ. ಒಂದು ತುತ್ತು. ಸಾಕು. ‘ಹೊಟ್ಟೆ ತುಂಬ’ ಅಂತ ಅವಳೇನೂ ಅನ್ಲಿಲ್ಲ.

ಉಂಡ್ರಿ!

ಉಪ್ಪು ಕಮ್ಮೀನಾ? ಚನ್ನಾಜಮ್ಮ ಯಾವಾಗ್ಲೂ ಕಮ್ಮಿ.

ಯಾಕೆ ಹೇಳ್ಲಿಲ್ಲ ಅಂತ ತಾನೇ? ಅವಳಿಗೋಸ್ಕರ ಕಣಿ. ಇನ್ಯಾಕೆ? ಹೆಣ್ಣುಮಗಳು. ಕುಂತೂರು ಗೌಡ್ರ ಮನೆ ಮಗಳು ಕಚ್ಚೆ ಹಾಕ್ಕಂಡು ಬೈಕು ಹತ್ತಿದ್ಲು ಅಂದ್ರೆ ಊರು ಬುಡ್ತದಾ? ನೀವು ಬುಡ್ತಿದ್ರಾ? ನಾಲ್ಕು ಜನದ ಮುಂದೆ ಅವಳಿಗೆ ಕೈ ಎತ್ತಿರ್ತಿದ್ರಿ. ಅದಕ್ಕೇ ನನ್ನ ತಲೆ ಮೇಲೆ ಹಾಕ್ಕಂಡೆ. ಬೈಸ್ಕಂಡೆ. ಹೋಗ್ಲಿ, ಅವಳ ಹೆಸರು ಉಳೀತಲ್ಲ ಅಂತ...

ಹೂಂ. ಉಣ್ಣಿ.

ಎರಡನೇ ತುತ್ತು.

...

ಏನು ಭಾವ?

ಹಂಗೆ ನೋಡ್ಬ್ಯಾಡಿ. ಬಾಯಲ್ಲಿ ಅನ್ನ ಮಡಗ್ಕಂಡು ಯಾರಾದ್ರೂ ಹಂಗೆ ನೋಡ್ತಾರಾ? ನುಂಗಿ. ನುಂಗಿ ಮೊದ್ಲು. ಹೇಳಿದ್ನಲ್ಲ, ಅವಳಿಗೋಸ್ಕರ. ನೀವು ಕೈ ಎತ್ತಿರ್ತಿದ್ರಿ ಅಂತ...

ಎತ್ತಿರ್ತಿರ್ಲಿಲ್ಲ. ಗೊತ್ತು. ಒಂದು ದಿನಾನೂ ಎತ್ತಿದೋರಲ್ಲ. ತಾಯಿಲ್ಲದ ಮಗು ಅಂತ ಹೆಗಲ ಮೇಲೆ ಸಾಕಿದ್ರಿ. ನೀವು ಬೈತಿದ್ರಿ, ಬೈದು ಆಚೆ ಹೋಗಿ ನಗ್ತಿದ್ರಿ. ಅವಳೂ ಅದನ್ನೇ ಅಂದ್ಲು.

ಯಾವಾಗ ಅಂದ್ಲಾ? ಅಲ್ಲೇ. ಕೆಸರಲ್ಲಿ. ಬೈಕು ಅವಳ ಕಾಲ ಮೇಲೆ. ಕಾಲು ಮುರಿದದೆ ಅಂತ ಇನ್ನೂ ಗೊತ್ತಿಲ್ಲ. ಮುಖ ಎಲ್ಲ ಕೆಸರು, ಹಲ್ಲು ಮಾತ್ರ ಬಿಳಿ. ನಗ್ತಾ ಅವಳೆ ಭಾವ. ‘ಮಾಂಬಳ್ಳಿಗೆ ಹೋಗಿ ಬಂದೆ ಕಂಡ್ರಾ! ಅಣ್ಣಂಗೆ ನಾನೇ ಹೇಳ್ತೀನಿ. ರಂಗನಾಯಕಂಗೆ ಬರ್ಲಿಲ್ಲ, ನಂಗೆ ಬಂತು ಅಂತ ಹೇಳ್ತೀನಿ. ಬಯ್ತಾನೆ, ಆಮೇಲೆ ನಗ್ತಾನೆ.’ ಅಂದ್ಲು. ಅಷ್ಟರಲ್ಲಿ ಹನುಮಯ್ಯ ಓಡಿ ಬತ್ತಾ ಇದ್ದ, ನೀರು ಚಿಮ್ಮಿಸ್ಕಂಡು. ನಾನು ಬಗ್ಗಿ ಅವಳ ಬಾಯಿ ಮುಚ್ಚಿದೆ. ‘ಹೇಳ್ಬ್ಯಾಡ. ನಾನೇ ಓಡಿಸ್ದೆ ಅನ್ನು. ಗಂಡ ಹೆಂಡ್ತಿ ಬೆನ್ನಿಗೆ ಕೂತಿದ್ದ ಅಂತ ಕೌದಳ್ಳೀಲಿ ತಿಳಿದ್ರೆ ನಾನು ತಲೆ ಎತ್ಕಂಡು ತಿರುಗೋಕಾಯ್ತದಾ?’ ಅಂದೆ.

ಅವಳ ನಗು ನಿಂತೋಯ್ತು. ‘ಆಗ್ಲಿ’ ಅಂದ್ಲು.

ಕಾಲು ಮುರಿದೋನು ಅನ್ನಿಸ್ಕಬೋದು. ಹಿಂದೆ ಕೂತೋನು ಅನ್ನಿಸ್ಕಳೋದು ಆಗ್ಲಿಲ್ಲ ನಂಗೆ. ಅಷ್ಟೇ ಕಣಿ. ಇನ್ನೇನಿಲ್ಲ ಅದರಲ್ಲಿ.

ಗೌರಿ ಹಬ್ಬ ಬತ್ತಿತ್ತು. ಊರ ಹೆಣ್ಣುಮಕ್ಕಳಿಗೆಲ್ಲ ತವರಿಂದ ಬಾಗಿನ ಬತ್ತಿತ್ತು. ಇವಳು ಕುಂಟ್ಕಂಡು ಬಂದು ಇದೇ ಜಗುಲೀಲಿ ಕೂತ್ಕತಿದ್ಲು. ಕೊಳ್ಳೇಗಾಲದ ಬಸ್ಸು ಹೋಗೋ ತನಕ ಕೂತಿದ್ದು, ಎದ್ದು ಒಳಕ್ಕೆ ಬಂದು ಕೇಳೋಳು, ‘ಈ ಸಲ ಹೇಳ್ಬುಡ್ಲಾ?’ ಅಂತ. ನಾನು ಏನಂತಿದ್ದೆ? ‘ಬರೋ ವರ್ಷ ನೋಡಣ.’ ಮತ್ತೆ ಬರೋ ವರ್ಷ. ಏಳು ಸಲ ಅಂದೆ ಭಾವ. ಏಳನೇ ಸಲ ಅವಳು ಕೇಳ್ಲೇ ಇಲ್ಲ. ನಾನೇ ಅಂದೆ, ಬರೋ ವರ್ಷ ಅಂತ.

ಉಣ್ಣೋದು ನಿಲ್ಲಿಸ್ಬೇಕು ಅನ್ನಿಸಿದ್ರೆ ನಿಲ್ಲಿಸ್ಬುಡಿ. ಎಲೆ ಎತ್ತಿ ಎಸೀರಿ. ನಾನೇನೂ ಅನ್ನಲ್ಲ. ನಾನು ಇದನ್ನ ಹೇಳ್ದೆ ನಿಮ್ಮ ಹೊಟ್ಟೆ ತುಂಬಿಸಿ ಕಳಿಸ್ಬೋದಿತ್ತು. ಕಳಿಸ್ತಿದ್ದೆ. ನೀವು ಹಂಗೆ ನೋಡ್ದೆ ಇದ್ದಿದ್ರೆ ಕಳಿಸೇ ಬುಡ್ತಿದ್ದೆ.

...ಅನ್ನ ಹಾಕ್ಲಾ?

ಹಾಕ್ತೀನಿ, ಹಾಕ್ತೀನಿ. ಕೈ ಅಡ್ಡ ತರ್ಬ್ಯಾಡಿ.

ತಲೆ ಎತ್ತಬ್ಯಾಡಿ ಭಾವ. ಹಂಗೇ ಬಗ್ಗಿ ಉಣ್ತಾ ಕೇಳಿ. ಇನ್ನೊಂದದೆ. ಅದನ್ನೂ ಹೇಳ್ಬುಡ್ತೀನಿ.

ಅವತ್ತು ಮಾಂಬಳ್ಳಿ ದಾರೀಲಿ ಒಂದು ಸಲ ಬೈಕು ನಿಂತೋಗಿತ್ತು. ನೀವು ಮಾಡ್ತಿದ್ದಂಗೇ ಪ್ಲಗ್ಗು ಬಿಚ್ಚಿ, ಮಸಿ ಕೆರೆದು, ಮತ್ತೆ ಹಾಕಿದ್ಲು ಅವಳು. ಆಸ್ಪತ್ರೇಲಿ ಕಾಲಿಗೆ ಪಟ್ಟಿ ಕಟ್ಟಿ ಮಲಗಿಸಿದ್ರು. ಮೈಮೇಲಿನ ಕೆಸರೆಲ್ಲ ಹೋಗಿತ್ತು, ಬೆರಳಿನ ಮಸಿ ಹೋಗಿರ್ಲಿಲ್ಲ. ನೀವು ಮೈಸೂರಿಂದ ಮೊದಲನೇ ಬಸ್ಸಿಗೆ ಬತ್ತೀರಿ ಅಂತ ಸುದ್ದಿ ಬಂತು. ಮಾರನೇ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದೆ. ಚೊಂಬಲ್ಲಿ ನೀರು ತಂದೆ. ಸೀಗೆಪುಡಿ ಹಾಕಿ ಅವಳ ಬೆರಳು ಒಂದೊಂದೇ ಉಜ್ಜಿದೆ, ಉಗುರು ಸಂದಿ ಸಮೇತ. ಪಕ್ಕದ ಮಂಚದ ಮುದುಕಿ, ‘ಇಂಥ ಗಂಡ ಯಾರಿಗವ್ನೆ’ ಅಂದ್ಲು. ರತ್ನ ಸೂರು ನೋಡ್ಕಂಡು ಸುಮ್ಕೆ ಕೈ ಕೊಟ್ಟಿದ್ಲು. ಆ ನೀರು ಚೆಲ್ಲಿ ರಸ್ತೆಗೆ ಬಂದೆ. ಒಂದು ಲಾರಿ ನಿಂತಿತ್ತು. ಬಗ್ಗಿ ಅದರ ಅಡಿಗೆ ಎರಡು ಕೈನೂ ಹಾಕಿ, ಅಂಗೈ ತುಂಬ ಮಸಿ ಬಳ್ಕಂಡೆ. ಬಂದು ಬಾಗ್ಲಲ್ಲಿ ನಿಂತ್ಕಂಡೆ, ನಿಮಗೆ ಕಾಣೋ ಹಂಗೆ.